ಅವ್ವ ಕುಂಕುಮವಿಟ್ಟ ಬಾಕ್ಸರ್‌ಗಳು

ನಮ್ಮ ನಡುಮನೆಯ ಗೋಡೆಯ ಮೇಲೆ ಹತ್ತಾರು ಬಾಕ್ಸರ್‌ಗಳು ಹಣೆಗೆ ಕುಂಕುಮ ಹಚ್ಚಿಸಿಕೊಂಡು ನಿಂತಿದ್ದಾರೆ ಎಂದರೆ ನೀವು ನಗುತ್ತೀರಿ; ನಗಿ, ನಾನೂ ನಕ್ಕವನೇ. ಚಳ್ಳಕೆರೆಯಲ್ಲಿ ಕಂಬಳಿ ಮಾರುವ ನಾನು, ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಬಾಕ್ಸಿಂಗ್ ಚರಿತ್ರೆಯ ಚಿತ್ರಸಂಪುಟವೊಂದನ್ನು, ಕಾಲೇಜಿನಲ್ಲಿ ಆ ಆಟಕ್ಕೆ ಸೇರಿದ್ದ ಮಗಳು ರೇಣುಕಾಳಿಗೆಂದು ತಂದಿದ್ದೆ. ಹೊಲಿಗೆ ಬಿಚ್ಚಿಹೋಗಿದ್ದ ಅದರ ಹಾಳೆಗಳಿಗೆ ಅವಳು ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ಸಾಲಾಗಿ ತೂಗುಹಾಕಿದಳು.

ಅದೇ ವಾರ ಕೊಂಡ್ಲಹಳ್ಳಿಯಿಂದ ಅವ್ವ ನಮ್ಮ ಜೊತೆಗಿರಲು ಬಂದಳು. ಅವಳ ಪ್ರಕಾರ ಗೋಡೆ ಏರಬೇಕಾದವರು ದೇವರು ಮತ್ತು ತೀರಿಕೊಂಡ ಹಿರಿಯರು ಮಾತ್ರ. ಬದುಕಿರುವವರ ಪಟ ಹಾಕುವುದು ಅಪಶಕುನ. ಕೈಗವಸೇ ಇಲ್ಲದ ಕಾಲದ, ಹುರಿಮೀಸೆಯ, ಬರಿಮೈಯ ಮೊದಲಿಗನನ್ನು ಕಂಡು, "ನಿನ್ ಹೆಂಡ್ತಿ ಕಡೇ ಹಿರೀಕರೇನಪ್ಪ? ಒಳ್ಳೇ ಮೈಕಟ್ಟು ಐತೆ" ಎಂದವಳು, ನಾನು ಬಾಯಿ ತೆರೆಯುವಷ್ಟರಲ್ಲಿ ಕುಂಕುಮದ ಬಟ್ಟಲು ಹಿಡಿದಿದ್ದಳು. ನಾನೂ ಅವಳನ್ನು ತಿದ್ದಲು ಹೋಗಲಿಲ್ಲ. ಅಂದಿನಿಂದ ಪ್ರತಿ ಸೋಮವಾರ ಜಗಜಟ್ಟಿಗಳಿಗೆಲ್ಲ ಪೂಜೆ. ಅವರಲ್ಲಿ ಯಾರಾದರೂ ಇನ್ನೂ ಬದುಕಿದ್ದರೆ ನನ್ನನ್ನು ಕ್ಷಮಿಸಲಿ.

ಬೆಳಗಿನ ಚಹಾ ಹಿಡಿದು ಆ ಸಾಲಿನ ಮುಂದೆ ನಿಲ್ಲುವುದು ನನಗೂ ಅಭ್ಯಾಸವಾಯಿತು. ಹುಲ್ಲಿನ ಬಯಲಲ್ಲಿ ಬರಿಗೈಯಲ್ಲಿ ಗುದ್ದಾಡಿದವರಿಂದ ಹಿಡಿದು, ಝಗಮಗಿಸುವ ದೀಪಗಳ ಕೆಳಗೆ ತೋಳೆತ್ತಿ ನಿಂತ ಹೆಣ್ಣುಮಕ್ಕಳವರೆಗೆ, ಎಲ್ಲರೂ ಗೆದ್ದ ಗಳಿಗೆಯಲ್ಲೇ ನಿಂತುಬಿಟ್ಟಿದ್ದಾರೆ. ಚಿತ್ರದ ಮೂಲೆಯಲ್ಲಿ ಮಸುಕಾಗಿ ಬಿದ್ದಿರುವವನು ಮಾರನೆಯ ಬೆಳಿಗ್ಗೆ ಎದ್ದನೇ, ಎದ್ದು ಮತ್ತೆ ಅಭ್ಯಾಸಕ್ಕೆ ಹೋದನೇ ಎಂಬುದನ್ನು ಯಾವ ಚಿತ್ರವೂ ಹೇಳುವುದಿಲ್ಲ. ಗೆದ್ದವನೂ ಎಂದೋ ಒಮ್ಮೆ ಹಾಗೆಯೇ ಬಿದ್ದವನಿರಬೇಕು. ಆ ಚಿತ್ರವನ್ನು ಯಾರು ಕಾಪಿಡುತ್ತಾರೆ?

ದಾವಣಗೆರೆಯ ತನ್ನ ಮೊದಲ ಪಂದ್ಯದಲ್ಲಿ ರೇಣುಕಾ ಸೋತು ಬಂದಳು. ತುಟಿ ಊದಿತ್ತು; ಅದಕ್ಕಿಂತ ಹೆಚ್ಚಾಗಿ ಮನಸ್ಸು ಮುದುಡಿತ್ತು. ಮುಂದಿನ ಭಾನುವಾರ ಮೊಳಕಾಲ್ಮೂರಿನಲ್ಲಿ ಇನ್ನೊಂದು ಪಂದ್ಯವಿತ್ತು. "ಸಾಕಪ್ಪ, ಇನ್ ಹೋಗಲ್ಲ" ಎಂದು ಗ್ಲೌಸುಗಳನ್ನು ಅಟ್ಟಕ್ಕೆಸೆದಳು. ಅವನ್ನು ತೊಟ್ಟು ತೆಗೆಸಿಕೊಂಡಿದ್ದ ತನ್ನ ಫೋಟೊವನ್ನು, ನೆನಪಿಗೊಂದಿರಲಿ ಎಂದು, ಸಾಲಿನ ಕೊನೆಗೆ ನೇತುಹಾಕಿದಳು. ಹೋಗು ಎನ್ನಲು ನನಗೆ ಧೈರ್ಯವಿಲ್ಲ, ಬೇಡ ಎನ್ನಲು ಮನಸ್ಸಿಲ್ಲ.

ಸೋಮವಾರ ಅವ್ವ ಒಬ್ಬೊಬ್ಬರಿಗೇ ಕುಂಕುಮವಿಡುತ್ತ ಬಂದು ಕೊನೆಯ ಪಟದ ಮುಂದೆ ತಡೆದು ನಿಂತಳು. ಎತ್ತಿದ ಬೆರಳು ಅರ್ಧಕ್ಕೇ ನಿಂತಿತು. ಸಿಟ್ಟಿನಿಂದ ಪಟವನ್ನು ಮೊಳೆಯಿಂದ ತೆಗೆದು, ಕೆಳಗೆ ಕೂತಿದ್ದ ಮೊಮ್ಮಗಳ ಮಡಿಲಿಗೆ ಹಾಕಿದಳು.

"ಇವ್ರದ್ದೆಲ್ಲ ಮುಗ್ದೋಗೈತೆ, ಅದುಕ್ಕೇ ಗೋಡೆ ಮ್ಯಾಲವ್ರೆ. ನಿಂದೇನು ಮುಗ್ದೈತೆ? ಉಸಿರಾಡ್ತಿದ್ದೀಯಲ್ಲೇ. ಅದೇನ್ ಗುದ್ದಾಟನೋ, ಹೋಗಿ ಗುದ್ದಾಡು."

ರೇಣುಕಾ ಪಟವನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ಎದ್ದು ಹಿತ್ತಲಿನಿಂದ ಏಣಿ ತಂದು ಅಟ್ಟಕ್ಕೆ ಆನಿಸಿ, "ಅಪ್ಪಾ, ಹಿಡ್ಕೋ" ಎಂದಳು. ಅಷ್ಟು ದಿನವೂ ಅವಳಿಗೆ ಒಂದು ಮಾತು ಹೇಳಲಾರದೆ ಹೋಗಿದ್ದ ನಾನು, ಆ ಏಣಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆ.