ಒತ್ತಿದರೆ ಕರಗುವ ಸೋಡಿಯಂ

ಹೋದ ತಿಂಗಳು ನನ್ನ ಝೆರಾಕ್ಸ್ ಮಷಿನ್ನು ಕೈಕೊಟ್ಟಿತು. ಕಾಗದವೊಂದು ಒಳಗೆ ಸಿಕ್ಕಿಹಾಕಿಕೊಂಡು, ಬಿಸಿ ರೋಲರಿಗೆ ಅಂಟಿ, ಕರಿ ಪುಡಿ ಸುಟ್ಟ ವಾಸನೆ ಅಂಗಡಿಯ ತುಂಬ ಹರಡಿತು. ಮೂಗಿಗೆ ಸೆರಗು ಹಿಡಿದು ಪ್ಲಗ್ಗು ಕಿತ್ತೆ. ರಿಪೇರಿಯವನಿಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ, ಹಾಗೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ವಾಸನೆಗೆ ನಮ್ಮ ಫಿಸಿಕ್ಸ್ ಮೇಡಂ ನೆನಪಾಗಿದ್ದರು.

ಆ ಮಷಿನ್ನಿನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಅಂತ ನನಗೆ ಹೇಳಿಕೊಟ್ಟವರೇ ಅವರು. ಅಷ್ಟು ವರ್ಷ ಝೆರಾಕ್ಸ್ ತೆಗೆದರೂ ಅದು ಇಂಕು ಅಂತಲೇ ತಿಳಿದಿದ್ದೆ ನಾನು.

"ಇಂಕಲ್ರೀ ಅಕ್ಕಾರ, ಪುಡಿ ಅದು. ಬಿಸಿಗೆ ಕರಗಿಸಿ, ಮ್ಯಾಲ ಒತ್ತಿ ಹಾಳಿಗೆ ಹಿಡಿಸ್ತೈತಿ. ನಿಮ್ಮ ಅಂಗಡ್ಯಾಗ ದಿನಾ ನಡಿಯೋದು ನನ್ನ ಸಬ್ಜೆಕ್ಟೇ" ಅಂದು ನಕ್ಕಿದ್ದರು.

ಮಸ್ಕಿ ಬಸ್‌ಸ್ಟ್ಯಾಂಡಿನ ಎದುರು ನನ್ನದು ಟೈಪಿಂಗ್, ಝೆರಾಕ್ಸ್ ಅಂಗಡಿ. ಮದುವೆ ಕಾರ್ಡು, ಕರಾರು ಪತ್ರ, ರಜಾ ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲ ನನ್ನ ಕೈ ದಾಟಿಯೇ ಹೋಗಬೇಕು. ನನಗೊಂದು ಚಾಳಿ. ಬಂದದ್ದನ್ನು ಬಂದ ಹಾಗೆ ಟೈಪು ಮಾಡಿ ಕೊಟ್ಟವಳಲ್ಲ. ಒಬ್ಬ ಪುಣ್ಯಾತ್ಮ ಮದುವೆ ಕಾರ್ಡಿನಲ್ಲಿ ವರನ ಜಾಗದಲ್ಲಿ ಬೀಗರ ಹೆಸರು ಬರೆದು ತಂದಿದ್ದ, ಅದನ್ನು ಹಿಡಿದವಳು ನಾನು. ಹೆಡ್‌ಮಾಸ್ತರರ ಅರ್ಜಿಗಳನ್ನೂ ಬಿಟ್ಟಿಲ್ಲ. "ಅಕ್ಕಾರು ನೋಡ್ಯಾರಂದ್ರ ಮುಗೀತು" ಅಂತ ಊರಲ್ಲಿ ಮಾತಿತ್ತು. ಆ ಮಾತು ಕೇಳಿ ಕೇಳಿ ನನಗೂ ಸ್ವಲ್ಪ ತಲೆ ತಿರುಗಿತ್ತು ಅಂತ ಕಾಣುತ್ತದೆ. ಮೇಲಾಗಿ ನಾನು ಪಿಯುಸಿ ಸೈನ್ಸ್ ಓದಿದವಳು. ಮದುವೆ ಮಾಡಿ ಕಳಿಸಿದ್ದರಿಂದ ಪರೀಕ್ಷೆಗೆ ಕೂರಲಿಲ್ಲ ಅಷ್ಟೇ.

ಮೇಡಂ ನಮ್ಮೂರ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದಿದ್ದರು. ಬಳಗಾನೂರಿನವರು, ದಿನಾ ಬಸ್ಸಿನಲ್ಲಿ ಓಡಾಟ. ತಾಯಿ ಗದ್ದೆಯ ನಾಟಿಗೆ ಹೋಗಿ ಓದಿಸಿದ ಮಗಳು. ದೂರದ ಊರಲ್ಲಿ ಸಂಶೋಧನೆ ಮಾಡುತ್ತಿದ್ದಾಗ ತಂದೆ ತೀರಿಕೊಂಡರಂತೆ, ಅರ್ಧಕ್ಕೆ ಬಿಟ್ಟು ಊರಿಗೆ ಬಂದರು. ನನ್ನ ಅಂಗಡಿಯಲ್ಲಿ ಒಂದು ಬೆಂಚು, ಒಂದು ಫ್ಯಾನು ಇತ್ತು. ಸಂಜೆಯ ಬಸ್ಸು ಬರುವ ತನಕ ಅಲ್ಲೇ ಕೂರುತ್ತಿದ್ದರು. ಸಣ್ಣ ದನಿ, ಎಣ್ಣೆ ಹಚ್ಚಿ ಬಿಗಿದ ಜಡೆ. ಆದರೆ ತಮ್ಮ ಸಬ್ಜೆಕ್ಟಿನ ಮಾತು ಬಂತೆಂದರೆ ಎರಡೂ ಕೈ ಎತ್ತಿ ಹೇಳುವವರು.

ಭೂಮಿಯ ನಟ್ಟನಡುವೆ ಕಬ್ಬಿಣದ ಗುಂಡು ಇದೆಯಂತೆ. ಸೂರ್ಯನ ಮೈ ಮೇಲಿನಷ್ಟು ಕಾವಿದ್ದರೂ ಅದು ಕರಗಿಲ್ಲವಂತೆ. ಸುತ್ತಲಿನ ಭಾರ ಅಷ್ಟು ಒತ್ತಿರುತ್ತದೆ, ಕಣಗಳಿಗೆ ಅಲುಗಾಡಲು ಜಾಗವೇ ಇಲ್ಲ, ಕರಗುವುದೆಲ್ಲಿಂದ ಅನ್ನುತ್ತಿದ್ದರು. ಇದು ನನಗೆ ಚೆನ್ನಾಗಿ ಅರ್ಥವಾಯಿತು. ಪಿಯುಸಿಯಲ್ಲೂ ಇದನ್ನೇ ಕಲಿತಿದ್ದೆ. ಒತ್ತಿದಷ್ಟೂ ಕರಗುವುದು ಕಷ್ಟ, ಮಂಜುಗಡ್ಡೆಯದೊಂದೇ ಉಲ್ಟಾ.

ಅವರ ಸಂಶೋಧನೆ ಸೋಡಿಯಂ ಮೇಲೆ. ಎರಡು ವಜ್ರದ ಮೊನೆಗಳ ನಡುವೆ ಕಣ್ಣಿಗೂ ಕಾಣದಷ್ಟು ಚೂರು ಇಟ್ಟು ಒತ್ತುವುದಂತೆ.

"ವಜ್ರ ಸಿಕ್ರ ಕಿವಿಗೆ ಹಾಕ್ಕೋಬೇಕ್ರೀ ಮೇಡಂ! ಸೋಡಿಯಂ ಒತ್ತಾಕ ಯಾರರ ಇಡ್ತಾರೇನು?" ಅಂತ ಛೇಡಿಸಿದೆ.

"ಒತ್ತಿದ್ರ ಅದು ಏನಾಗ್ತದ ಗೊತ್ತೇನ್ರೀ..." ಅಂತ ಶುರು ಮಾಡಿದರು. ಅಷ್ಟರಲ್ಲಿ ಬಸ್ಸು ಬಂತು. ಚೀಲ ಹೆಗಲಿಗೇರಿಸಿ ಓಡಿದರು. ಆ ಮಾತು ಅವತ್ತಿಗೆ ಅಲ್ಲಿಗೇ ನಿಂತಿತು. ನಾನೂ ಮತ್ತೆ ಕೇಳಲಿಲ್ಲ...

ಒಂದು ವರ್ಷ ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಖಾಯಂ ಜಾಗ ಖಾಲಿಯಾಯಿತು. ಅರ್ಜಿ ಹಾಕಿದವರು ತಮ್ಮ ವಿಷಯದ ಮೇಲೆ ಕನ್ನಡದಲ್ಲಿ ಪಾಠ ಮಾಡಿ ತೋರಿಸಬೇಕು, ಜೊತೆಗೆ ಅದರ ಸಾರಾಂಶ ಟೈಪು ಮಾಡಿಸಿ ಆಯ್ಕೆ ಮಾಡುವವರಿಗೆ ಕೊಡಬೇಕು. ಮೇಡಂಗೆ ಅದು ದೊಡ್ಡ ಆಸೆ. ಅತಿಥಿ ಅಂದರೆ ವರ್ಷ ವರ್ಷ ಕರೆಯುತ್ತಾರೋ ಇಲ್ಲವೋ ಅಂತ ಕಾಯುವ ಕೆಲಸ. ಆ ಜಾಗ ಸಿಕ್ಕರೆ ಅವ್ವನ ನಾಟಿ ಕೆಲಸ ಬಿಡಿಸುತ್ತೇನೆ, ಸಂಶೋಧನೆಯನ್ನೂ ಮುಗಿಸುತ್ತೇನೆ ಅನ್ನುತ್ತಿದ್ದರು. ಪಾಠದ ಹಿಂದಿನ ದಿನ ಕೈಯಲ್ಲಿ ಬರೆದ ನಾಲ್ಕು ಹಾಳಿ ನನ್ನ ಕೈಗಿಟ್ಟರು. "ನಾಳಿ ಮುಂಜಾನಿ ಬಸ್ಸಿಗೆ ಬಂದು ಒಯ್ತೀನ್ರೀ. ನೀವು ನೋಡಿದ್ರ ಮತ್ತ ನಾ ನೋಡೋದ ಬ್ಯಾಡ" ಅಂದರು.

ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದರು! ಮೂರನೇ ಹಾಳಿಯಲ್ಲಿ ನನ್ನ ಬೆರಳು ನಿಂತಿತು. "ಸೋಡಿಯಂ ಅನ್ನು ಒತ್ತುತ್ತ ಹೋದರೆ ಅದು ಕರಗುವ ಉಷ್ಣತೆ ಮೊದಲು ಏರುತ್ತದೆ. ಇನ್ನೂ ಒತ್ತಿದರೆ ಇಳಿಯುತ್ತದೆ. ಒತ್ತಡ ಮಿತಿಮೀರಿದಾಗ ಅದು ನಮ್ಮ ಕೋಣೆಯ ಬಿಸಿಗೇ ಕರಗುತ್ತದೆ" ಅಂತ ಇತ್ತು. ಅಯ್ಯ, ಇದೇನಿದು ಅನ್ನಿಸಿತು. ಒತ್ತಿದರೆ ಕರಗುವುದಿಲ್ಲ ಅಂತ ಇವರೇ ಹೇಳಿದ್ದರಲ್ಲ, ಅವಸರದಲ್ಲಿ ಉಲ್ಟಾ ಬರೆದಿದ್ದಾರೆ ಪಾಪ, ಅಂದುಕೊಂಡೆ. 'ಇಳಿಯುತ್ತದೆ' ಇದ್ದಲ್ಲಿ 'ಏರುತ್ತದೆ' ಮಾಡಿದೆ. 'ಕರಗುತ್ತದೆ' ಇದ್ದಲ್ಲಿ 'ಕರಗುವುದಿಲ್ಲ' ಮಾಡಿದೆ. ಮರುದಿನ ಹೇಳಬೇಕು ಅಂತಲೂ ಇತ್ತು. ಬೆಳಿಗ್ಗೆ ಲಿಂಗಸುಗೂರಿನ ಬಸ್ಸು ಹಾರ್ನು ಬಾರಿಸುತ್ತ ನಿಂತಿತ್ತು. ಕಟ್ಟು ಕೈಗೆ ಕೊಟ್ಟು, "ಎಲ್ಲಾ ಬರೋಬರಿ ಮಾಡೀನ್ರೀ, ಆರಾಮ ಹೋಗ್ರಿ" ಅಂದೆ.

ಸಂಜೆ ಇಳಿದು ಬಂದಾಗ ಅವರ ಮುಖ ನೋಡಲಾಗಲಿಲ್ಲ. ಪಾಠ ಚೆನ್ನಾಗಿಯೇ ನಡೆದಿತ್ತಂತೆ. ಸೋಡಿಯಂ ಕೋಣೆಯ ಬಿಸಿಗೇ ಕರಗುತ್ತದೆ ಅಂತ ಅವರು ಹೇಳುತ್ತಿದ್ದಾಗ, ಆಯ್ಕೆಗೆ ಬಂದಿದ್ದ ಒಬ್ಬ ಹಿರಿಯರು ಕೈಯಲ್ಲಿದ್ದ ಸಾರಾಂಶ ಎತ್ತಿ ಹಿಡಿದರಂತೆ. ಬಾಯಲ್ಲಿ ಹೇಳುತ್ತಿರುವುದು ಸರಿ, ಕಾಗದದಲ್ಲಿ ತದ್ವಿರುದ್ಧ ಬರೆದಿದ್ದೀರಿ, ಯಾವುದು ನಿಮ್ಮದು ಅಂತ ಕೇಳಿದರಂತೆ. ಮೇಡಂಗೆ ಅಲ್ಲಿಂದ ಮುಂದೆ ಮಾತೇ ತೊದಲಿತು. ಆ ಹಿರಿಯರು ಒಳ್ಳೆಯವರು. ಟೈಪಿಂಗಿನಲ್ಲಿ ತಪ್ಪಾಗಿದ್ದರೆ ಕೈಬರಹದ ಹಾಳಿ ತಂದು ತೋರಿಸಿ, ಆಯ್ಕೆಯ ಪಟ್ಟಿ ಹಾಕಲು ಇನ್ನೂ ಎರಡು ದಿನ ಇದೆ ಅಂದಿದ್ದರು.

ಕೇಳುತ್ತ ಕೇಳುತ್ತ ನನಗೆ ಹೊಳೆಯಿತು. ಅವರದೇ ಸರಿ. ತಪ್ಪು ಮಾಡಿದವಳು ನಾನು.

"ನಾ ಹಂಗ ಬರ್ದಿರಾಕಿಲ್ಲ ಅನ್ನಸ್ತೈತ್ರೀ. ಆದ್ರ ನಿಮ್ಮ ಕೈಯಾಗ ತಪ್ಪಾಗಂಗಿಲ್ಲಲ್ಲ... ಹಾಳಿ ಅದಾವೇನ್ರೀ ಅಕ್ಕಾರ?"

ಹಾಳಿಗಳು ನನ್ನ ಮೊಣಕಾಲ ಹತ್ತಿರದ ಡ್ರಾಯರಿನಲ್ಲೇ ಇದ್ದವು. ಕೈ ಚಾಚಿದರೆ ಸಾಕಿತ್ತು.

"ಇಲ್ರೀ ಮೇಡಂ, ರದ್ದಿಗೆ ಹೋದ್ವು" ಅಂದೆ.

ಯಾಕೆ ಹಾಗೆ ಅಂದೆ? ನಾಚಿಕೆ. ಹೆದರಿಕೆ. ಅಕ್ಕಾರು ನೋಡಿದರೆ ಮುಗೀತು ಅನ್ನುವ ಊರಲ್ಲಿ, ಕಾಲೇಜಿನ ಮೇಡಂ ಬರೆದದ್ದನ್ನು ಪಿಯುಸಿ ಮುಗಿಸದ ಹೆಂಗಸು ತಿದ್ದಿ ಕೆಡಿಸಿದಳು ಅಂತ ಆಗುತ್ತಿತ್ತು. ನಾಳೆ ಹೇಳಿದರಾಯಿತು ಅಂತ ಆ ದಿನ ತಳ್ಳಿದೆ. ಮರುದಿನ ಕಾಲೇಜಿನ ಗೇಟಿನ ತನಕ ಹೋದೆ, ಹಾಳಿ ಚೀಲದಲ್ಲೇ ಇದ್ದವು. ವಾಚ್‌ಮನ್ ಯಾರು ಬೇಕಾಗಿತ್ತು ಅಂತ ಕೇಳಿದ. ಯಾರೂ ಇಲ್ಲಪ್ಪ ಅಂದು ತಿರುಗಿ ಬಂದೆ. ಪಟ್ಟಿಯಲ್ಲಿ ಬೇರೆಯವರ ಹೆಸರು ಬಂತು.

ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನು ಬದುಕುತ್ತಿದ್ದೆ. ತಮ್ಮನ್ನೇ ಬೈದುಕೊಂಡರು. "ತಲಿ ಮೊದ್ಲಿನಂಗ ಇಲ್ರೀ ಅಕ್ಕಾರ, ಗೊತ್ತಿದ್ದದ್ದನ್ನೂ ಉಲ್ಟಾ ಬರ್ಯಾಕತ್ತೀನಿ" ಅನ್ನುತ್ತಿದ್ದರು. ಒಂದು ಪ್ರಶ್ನೆಪತ್ರಿಕೆ ಕೊಡಬೇಕಾದರೂ ಮೂರು ಸಲ, ನಾಲ್ಕು ಸಲ ಓದುವುದು, ಬಸ್ಸು ಹತ್ತಿದವರು ಇಳಿದು ಬಂದು ಮತ್ತೊಮ್ಮೆ ನೋಡುವುದು. ಕೈ ಎತ್ತಿ ಮಾತಾಡುವುದು ನಿಂತೇ ಹೋಯಿತು. ಸಂಶೋಧನೆಯ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಿದೆ ಅಂತ ಒಂದು ದಿನ ಹೇಳಿದರು. ಆದರೂ ಬಾಯಿ ಬಿಡಲಿಲ್ಲ, ನೋಡಿ. ಎಂಥ ಹೆಂಗಸು ನಾನು!

ಮುಂದಿನ ವರ್ಷ ನಮ್ಮೂರ ಕಾಲೇಜಿನವರು ಅವರನ್ನು ಕರೆಯಲಿಲ್ಲ. ಸಿಂಧನೂರಿನ ಒಂದು ಶಾಲೆಗೆ ಸೇರಿಕೊಂಡರು, ಬಸ್ಸಿನ ದಾರಿ ಬೇರೆಯಾಯಿತು. ನನ್ನ ಬೆಂಚಿನ ಮೇಲೆ ಬೇರೆ ಯಾರೋ ಕೂತರು. ಕೊರೋನಾ ಎರಡನೇ ಸಲ ಬಂದು ಅಂಗಡಿ ಮುಚ್ಚಿದ್ದಾಗ ಯಾರೋ ಫೋನಿನಲ್ಲಿ ಹೇಳಿದರು. ರಾಯಚೂರಿನ ಆಸ್ಪತ್ರೆಗೆ ಸೇರಿಸಿದ್ದರಂತೆ, ಉಳಿಯಲಿಲ್ಲವಂತೆ...

ಮಷಿನ್ನು ಸುಟ್ಟ ಮರುದಿನ ನಾನು ಬಳಗಾನೂರಿಗೆ ಹೋದೆ. ಮೊದಲೇ ಹೋಗಬೇಕಿತ್ತು. ಮೇಡಂ ಅವರ ತಾಯಿ ಬಾಗಿಲ ಮುಂದಿನ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಒಳಗೆ ಸೊಸೆ ರೊಟ್ಟಿ ಬಡಿಯುವ ಸಪ್ಪಳ. ಮಸ್ಕಿಯಿಂದ ಬಂದೆ, ಟೈಪಿಂಗ್ ಅಂಗಡಿಯವಳು ಅಂದೆ.

"ಹೌದೇನವ್ವಾ, ನೀನೇನು? ನಮ್ಮಾಕಿ ನಿನ್ನ ಭಾಳ ನೆನಸ್ತಿದ್ಲು. ಮಸ್ಕಿ ಅಕ್ಕಾರ ಕೈಯಾಗ ಒಂದಕ್ಷರ ತಪ್ಪಾಗಂಗಿಲ್ಲ ಅಂತಿದ್ಲು" ಅಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಸೋಡಿಯಂ ಅಂದರೆ ಏನು ಅಂತ ಅವರಿಗೆ ಗೊತ್ತಿರಲಿಲ್ಲ. ನಿಮ್ಮ ಮಗಳು ಬರೆದದ್ದು ಸರಿಯಿತ್ತು, ನಾನು ಕೆಡಿಸಿದೆ, ಹಾಳಿ ಕೇಳಿದಾಗ ಸುಳ್ಳು ಹೇಳಿದೆ ಅಂದೆ. ಬೆಳ್ಳುಳ್ಳಿ ಹಿಡಿದ ಅವರ ಕೈ ನಿಂತಿತು.

"ಆಕಿದು ಬರೋಬರಿ ಇತ್ತಾ?"

"ಇತ್ತವ್ವಾ."

"ದವಾಖಾನಿಗೆ ಹೋಗೋ ಮುಂದೂ ಕೇಳಿದ್ಲು ನನ್ನ. ಯವ್ವಾ, ನಾ ಹೆಂಗ ಹಂಗ ಬರದ್ನಬೇ ಅಂತ."

ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಅವರು ಅಳಲಿಲ್ಲ, ಬೈಯಲೂ ಇಲ್ಲ. ಸೆರಗಿನ ಮೇಲಿನ ಬೆಳ್ಳುಳ್ಳಿ ಸಿಪ್ಪೆ ಕೊಡವಿದರು.

"ಇದನ್ನ ಆಕಿಗೆ ಹೇಳಬೇಕಿತ್ತಲ್ಲವ್ವಾ. ನನಗ ಯಾಕ ಹೇಳಾಕತ್ತಿ?"