ಮನೆ ಕೋವಿ

ಗಾಲ್ವೇ ಪಟ್ಟಣದಿಂದ ಪೂರ್ವಕ್ಕೆ, ಕಲ್ಲುಗೋಡೆಗಳ ನಡುವೆ ಕುರಿ ಮೇಯುವ ಸೀಮೆಯಲ್ಲಿ ನಮ್ಮ ಮನೆ. ನಾನು ಪಾರ್ಕ್‌ಮೋರ್‌ನಲ್ಲಿ ವೈದ್ಯಕೀಯ ಉಪಕರಣ ತಯಾರಿಸುವ ಒಂದು ಕಂಪನಿಯಲ್ಲಿ ಕ್ವಾಲಿಟಿ ಇಂಜಿನಿಯರ್. ಕೊರೋನಾ ಬಂದು ದೇಶವೇ ಬಾಗಿಲು ಹಾಕಿಕೊಂಡಾಗಲೂ ನಮ್ಮ ಫ್ಯಾಕ್ಟರಿ ನಡೆಯುತ್ತಿತ್ತು. ನನ್ನ ಗಂಡ ಮೈಸೂರಿನವನು, ಸಾಫ್ಟ್‌ವೇರ್ ಕೆಲಸ. ಅಡುಗೆಮನೆಯ ಮೇಜನ್ನೇ ಆಫೀಸು ಮಾಡಿಕೊಂಡು, ಕುಕ್ಕರ್ ಕೂಗಿದರೆ ಮೀಟಿಂಗಿಗೆ ತೊಂದರೆ ಎಂದು ನನ್ನ ಮೇಲೆ ರೇಗುತ್ತಿದ್ದ. ನಾನು ಕೊಡಗಿನವಳು. ರೇಗುವ ವಿದ್ಯೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮ ಹಿತ್ತಲಿಗೆ ತಾಗಿದ ಜಮೀನು ಎಪ್ಪತ್ತು ದಾಟಿದ ಒಬ್ಬ ರೈತರದು. ಒಂಟಿ ಮನುಷ್ಯ, ಮದುವೆಯಾದವರಲ್ಲ. ಕುರಿಗಳೇ ಸಂಸಾರ. ಎಪ್ಪತ್ತು ದಾಟಿದವರು ಮನೆಬಿಟ್ಟು ಹೊರಡಬಾರದು ಎಂದು ಸರ್ಕಾರ ಹೇಳಿತ್ತು, ಅದಕ್ಕೆ ‘ಕಕೂನಿಂಗ್’ ಅಂತ ಹೆಸರಿಟ್ಟಿತ್ತು, ಅಂದರೆ ರೇಷ್ಮೆಹುಳದ ಹಾಗೆ ಗೂಡಿನೊಳಗೆ ಇರುವುದು. “ಹಂಗಾದ್ರೆ ರಾಮನಗರದ ಮಾರ್ಕೆಟ್ಟಿಗೆ ಯಾವಾಗ ಹಾಕ್ತಾರಂತೆ ಇವ್ರನ್ನ?” ಎಂದು ನನ್ನ ಗಂಡ ನಗುತ್ತಿದ್ದ. ಅವರ ಹಾಲು, ಬ್ರೆಡ್ಡು, ಟೀಪುಡಿ ನಾನೇ ತಂದು ಗೋಡೆಯ ಮೇಲೆ ಇಟ್ಟು ಎರಡು ಮೀಟರ್ ಹಿಂದೆ ಸರಿಯುತ್ತಿದ್ದೆ. ಅವರು ಬಂದು ಎತ್ತಿಕೊಂಡು, ಅಲ್ಲೇ ನಿಂತು ಮಾತಾಡುತ್ತಿದ್ದರು. ಬೇರೆ ಯಾರ ಜೊತೆಯೂ ಅವರಿಗೆ ಮಾತಿರಲಿಲ್ಲ.

ಆ ವಸಂತದಲ್ಲಿ ಕುರಿಗಳು ಈಯುತ್ತಿದ್ದವು. ಒಂದು ಬೆಳಿಗ್ಗೆ ಗುಂಡಿನ ಸದ್ದಾಯಿತು. ಹನ್ನೆರಡು ಬೋರಿನ ಜೋಡಿನಳಿಗೆ ಕೋವಿ ಎಂದು ಕಿವಿಗೆ ಗೊತ್ತಾಗಿಬಿಟ್ಟಿತು. ಓಡಿಹೋದೆ. ಅವರು ಕೋವಿಯ ನಳಿಗೆ ಮಡಚಿ ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದರು. ನರಿ ಮತ್ತೊಂದು ಮರಿಯನ್ನು ಕಚ್ಚಿಕೊಂಡು ಬೇಲಿ ನುಸುಳಿದ್ದು ನನಗೆ ಕಂಡಿತು. ಅವರು ಹೊಡೆದ ಚರೆಯೆಲ್ಲ ಗೇಟಿನ ಕಂಬದಲ್ಲಿತ್ತು.

“ನರಿ ಆ ಕಡೆ ಇತ್ತಲ್ಲ?” ಎಂದು ಬೇಲಿಯ ಕಡೆ ತೋರಿಸಿದೆ.

“ಇತ್ತಾ?” ಅಂದರು.

ಆಮೇಲೆ ನಿಜ ಹೇಳಿದರು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ನಿಗೆ ತಾರೀಖು ಸಿಕ್ಕಿತ್ತು, ಕೊರೋನಾದಿಂದ ಅದು ರದ್ದಾಯಿತು. “ಯಾರಿಗೂ ಹೇಳಬೇಡ. ಗೊತ್ತಾದ್ರೆ ಗಾರ್ಡಾ ಬಂದು ಕೋವಿ ತಗೊಂಡು ಹೋಗ್ತಾರೆ. ಆಮೇಲೆ ಕಾರು.” ಇಲ್ಲಿ ಪೊಲೀಸರಿಗೆ ಗಾರ್ಡಾ ಎನ್ನುತ್ತಾರೆ. ಆ ಹಳ್ಳಿಯಲ್ಲಿ ಕಾರಿಲ್ಲದ ಒಂಟಿ ಮನುಷ್ಯನ ಪಾಡು ನನಗೆ ಅರ್ಥವಾಯಿತು. “ಬರೋ ವಸಂತದಲ್ಲೂ ಹಿಂಗೇ ಆದ್ರೆ ಎಲ್ಲಾ ಕುರಿ ಮಾರಿಬಿಡ್ತೀನಿ” ಅಂದರು. ಕುರಿ ಮಾರಿದ ಮೇಲೆ ಅವರು ಬೆಳಿಗ್ಗೆ ಯಾಕೆ ಏಳಬೇಕು ಎಂದು ನನಗನ್ನಿಸಿತು.

ನನಗೆ ಗುರಿ ಗೊತ್ತು ಎಂದೆ. ನಮ್ಮೂರಲ್ಲಿ ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಹೆಂಗಸರೂ ಗುಂಡು ಹೊಡೆಯುತ್ತಾರೆ. ನಾನು ಎರಡು ಸಲ ಕಾಯಿ ಒಡೆದಿದ್ದೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ, “ಲೈಸೆನ್ಸ್ ತಗೋ ಹುಡುಗಿ. ನನ್ನ ಜಮೀನಿನಲ್ಲಿ ಬೇಟೆ ನಿನಗೆ ಬಿಟ್ಟೆ. ಚಳಿಗಾಲದಲ್ಲಿ ಜಿಂಕೆನೂ ಬರ್ತವೆ, ಅವೂ ನಿನಗೇ” ಅಂದರು. ಜಿಂಕೆ ಅಂದಕೂಡಲೇ ನನಗೆ ಊರಿನಿಂದ ತಂದಿಟ್ಟ ಕಾಚಂಪುಳಿಯ ಬಾಟಲಿ ಕಣ್ಣಮುಂದೆ ಬಂತು. ಆ ಕಪ್ಪು ಹುಳಿ ಹಾಕಿ ಬೇಟೆಯ ಮಾಂಸ ಬೇಯಿಸಿ ಎಷ್ಟು ವರ್ಷವಾಗಿತ್ತೋ.

ಗಂಡನಿಗೆ ಹೇಳಿದೆ. ಅವನು ಲ್ಯಾಪ್‌ಟಾಪ್ ಮುಚ್ಚಿದ. ಸಾರಿನಲ್ಲಿ ಈರುಳ್ಳಿ ಬಿದ್ದರೂ ಅಮ್ಮನಿಗೆ ಹೇಳದವನು.

“ಒಂದೇ ಕೋವಿ ತಗೋ. ಎರಡನೇದು ಬಂದ್ರೆ ನಾನು ಮೈಸೂರಿಗೆ ಹೊರಟುಹೋಗ್ತೀನಿ.”

“ಫ್ಲೈಟ್ ಇಲ್ಲ ಕಣೋ ಈಗ.”

“ಇರ್ಲಿ. ಒಂದೇ.”

ಹಾಗೆ ಶುರುವಾಯಿತು ನನ್ನ ತಲೆನೋವು. ನರಿಗೂ ಆಗಬೇಕು, ಜಿಂಕೆಗೂ ಆಗಬೇಕು, ಒಂದೇ ಕೋವಿ ಇರಬೇಕು. ಊರಲ್ಲಾದರೆ ಈ ಪ್ರಶ್ನೆಯೇ ಇಲ್ಲ. ಹನ್ನೆರಡು ಬೋರಿನ ಕೋವಿ ಒಂದೇ, ಒಳಗೆ ತುಂಬುವ ತೋಟಾ ಮಾತ್ರ ಬೇರೆ ಬೇರೆ. ಇಲ್ಲಿ ಬಯಲು ಜಾಸ್ತಿ, ದೂರದ ಗುರಿಗೆ ರೈಫಲ್ಲೇ ಬೇಕು. ರೈಫಲ್ ಅಂದರೆ ಕ್ಯಾಲಿಬರ್, ಅಂದರೆ ನಳಿಗೆಯ ಒಳಗಿನ ಅಗಲ. ದಪ್ಪ ಗುಂಡು ಜೋರಾಗಿ ಬಡಿಯುತ್ತದೆ, ಭುಜಕ್ಕೂ ಜೋರಾಗಿ ಒದೆಯುತ್ತದೆ. ಸಣ್ಣ ಗುಂಡು ವೇಗವಾಗಿ ನೇರ ಹೋಗುತ್ತದೆ, ಆದರೆ ತೀರಾ ಸಣ್ಣದಾದರೆ ಜಿಂಕೆಗೆ ಕಾನೂನು ಬಿಡುವುದಿಲ್ಲ. ಆ ಬೇಸಿಗೆಯೆಲ್ಲ ಜಗತ್ತು ಬ್ರೆಡ್ ಮಾಡುವುದನ್ನು ಕಲಿಯುತ್ತಿದ್ದರೆ ನಾನು ಗುಂಡಿನ ತೂಕ ಓದುತ್ತಾ ಕೂತಿದ್ದೆ. ಮಗಳು ಬಂದು ಇಣುಕಿ ನೋಡಿ, “ಯೂ ಆರ್ ಗ್ರ್ಯಾಂಡ್, ಅಮ್ಮ?” ಎಂದು ಕೇಳಿ ಹೋಗುತ್ತಿದ್ದಳು. ಇಲ್ಲಿ ಸರಿಯಾಗಿರುವುದಕ್ಕೆಲ್ಲ ಗ್ರ್ಯಾಂಡ್ ಎನ್ನುತ್ತಾರೆ.

ರೈತರು ಮೊದಲ ದಿನವೇ ಒಂದು ಕ್ಯಾಲಿಬರ್ ಹೇಳಿದ್ದರು. “ಟೂ ಫೋರ್ ತ್ರೀ. ಹಗುರ ಗುಂಡು ಹಾಕಿದ್ರೆ ನರಿ, ಭಾರದ್ದು ಹಾಕಿದ್ರೆ ಜಿಂಕೆ. ಮಾತು ಮುಗೀತು.” ನನಗೂ ಅದು ಸರಿ ಅನ್ನಿಸಿತ್ತು. ಆದರೆ ಕೋವಿ ಅಂಗಡಿಯವನಿಗೆ ಫೋನ್ ಮಾಡಿದೆ ನೋಡಿ, ಎಲ್ಲಾ ಕೆಟ್ಟಿತು. ಮೊದಲು ಅವನು, “ಯಜಮಾನರು ಏನು ಅಂದ್ಕೊಂಡಿದಾರೆ?” ಎಂದು ಕೇಳಿದ. ಯಜಮಾನರು ಬೆಂಡೆಕಾಯಿ ಹೆಚ್ಚುತ್ತಿದ್ದರು. ಕೋವಿ ನನಗೆ ಎಂದೆ. “ಓ, ಹಂಗಾದ್ರೆ ಟೂ ಫೋರ್ ತ್ರೀ. ಒದೆತ ಕಡಿಮೆ. ಹೆಂಗಸರಿಗೆ ಚೆನ್ನಾಗಿರ್ತದೆ” ಅಂದ.

ಮೈ ಉರಿದುಹೋಯಿತು. ಫೋನ್ ಇಟ್ಟವಳೇ ಇನ್ನೇನಿದ್ದರೂ ತ್ರೀ-ನಾಟ್-ಏಯ್ಟೇ ಎಂದು ತೀರ್ಮಾನಿಸಿದೆ. ಅದು ಒಂದಿಷ್ಟು ದಪ್ಪದ್ದು, ಎಂಥ ದೊಡ್ಡ ಜಿಂಕೆಯನ್ನೂ ಮಲಗಿಸುತ್ತದೆ. ರೈತರು ಗೋಡೆಯ ಆಚೆಯಿಂದ ತಲೆ ಕೊಡವಿದರು. ದಪ್ಪ ಗುಂಡಿನ ಒದೆತಕ್ಕೆ ಕೋವಿಗೆ ಕೂರಿಸಿದ ದುರ್ಬೀನು ಮೇಲಕ್ಕೆ ಹಾರುತ್ತದೆ, ಗುಂಡು ತಾಗಿತೋ ಇಲ್ಲವೋ ಹೊಡೆದವರಿಗೇ ಕಾಣುವುದಿಲ್ಲ ಎಂದರು. ನಾನು ಹಟ ಬಿಡಲಿಲ್ಲ. ಇಡೀ ಶರತ್ಕಾಲ ಹೀಗೇ ಜಗಳ. ನಡುವೆ ಲಾಕ್‌ಡೌನ್ ಸಡಿಲವಾದಾಗ ಹೋಗಿ ಸುರಕ್ಷತೆಯ ತರಬೇತಿ ಮುಗಿಸಿದೆ, ಕೋವಿ ಇಡಲು ಗೋಡೆಗೆ ಬೋಲ್ಟ್ ಹಾಕಿ ಕಬ್ಬಿಣದ ಪೆಟ್ಟಿಗೆ ಕೂರಿಸಿದೆ, ಕ್ಯಾಲಿಬರ್ ಜಾಗ ಖಾಲಿ ಬಿಟ್ಟು ಅರ್ಜಿ ಹಾಕಿದೆ.

ಚಳಿಗಾಲದಲ್ಲಿ ಮತ್ತೆ ಎಲ್ಲಾ ಮುಚ್ಚಿತು. ಐದು ಕಿಲೋಮೀಟರ್ ದಾಟುವಂತಿಲ್ಲ. ಒಂದು ಮಧ್ಯಾಹ್ನ ಮಾಸ್ಕ್ ಹಾಕಿದ ಗಾರ್ಡಾ ಒಬ್ಬರು ಪೆಟ್ಟಿಗೆ ನೋಡಲು ಬಂದರು. ಒಳ್ಳೆಯ ಹುಡುಗ, ಮೂವತ್ತರೊಳಗಿನ ವಯಸ್ಸು. ಬೀಗ ಎಳೆದು ನೋಡಿ “ಗ್ರ್ಯಾಂಡ್” ಅಂದರು. ಬೋಲ್ಟ್ ಮುಟ್ಟಿ “ಗ್ರ್ಯಾಂಡ್” ಅಂದರು. ಹೊರಡುವಾಗ ಬಾಗಿಲಲ್ಲಿ ನಿಂತು, “ಅಂದಹಾಗೆ ಇದು ನಿಮಗೆ ಯಾಕೆ ಬೇಕು?” ಎಂದು ಕೇಳಿದರು.

ಈ ಪ್ರಶ್ನೆಯನ್ನು ನನ್ನ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಕೊಡಗಿನಲ್ಲಿ ನಮ್ಮವರಿಗೆ ಕೋವಿಗೆ ಲೈಸೆನ್ಸೇ ಬೇಡ. ಮನೆ ಅಂದಮೇಲೆ ಒಲೆ ಇರುತ್ತದೆ, ಬಾವಿ ಇರುತ್ತದೆ, ಕೋವಿ ಇರುತ್ತದೆ. ಅದು ಅಜ್ಜನದೂ ಅಲ್ಲ, ಅಪ್ಪನದೂ ಅಲ್ಲ, ಮನೆ ಕೋವಿ. ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ಹೋದರೆ ಎರಡು, ಹಬ್ಬದಲ್ಲಿ ನಳಿಗೆಗೆ ಹೂವು. ಯಾಕೆ ಬೇಕು ಅಂದರೆ ಏನು ಹೇಳಲಿ? ನರಿ, ಜಿಂಕೆ ಎಂದು ಅರ್ಜಿಯಲ್ಲಿ ಬರೆದದ್ದೆಲ್ಲ ಆ ಕ್ಷಣ ಮರೆತುಹೋಯಿತು. ನಮ್ಮ ಮಾತನ್ನೇ ಇಂಗ್ಲಿಷಿಗೆ ಹಾಕಿ ಹೇಳಿಬಿಟ್ಟೆ. “ಇಟ್ ವಿಲ್ ಬಿ ದ ಹೌಸ್ ಗನ್.”

ಅವರ ಪೆನ್ನು ನಿಂತಿತು. ಮನೆ ಕಾಯಲು, ಮನುಷ್ಯರಿಂದ ರಕ್ಷಣೆಗೆ ಎಂದರೆ ಈ ದೇಶದಲ್ಲಿ ಕೋವಿ ಕೊಡುವುದಿಲ್ಲ. ತರಬೇತಿಯಲ್ಲೇ ಹೇಳಿದ್ದರು. ಹೌಸ್ ಗನ್ ಎಂದರೆ ಅವರಿಗೆ ಕೇಳಿಸಿದ್ದು ಅದೇ.

ನನ್ನ ಗಂಡ ಅಡುಗೆಮನೆಯಿಂದ ಸಹಾಯಕ್ಕೆ ಬಂದ. “ನೋ ನೋ, ಹಂಗಲ್ಲ. ಅವ್ರ ಮನೇಲಿ ಅದಕ್ಕೆ ಪೂಜೆ ಮಾಡ್ತಾರೆ.”

ಗಾರ್ಡಾ ಒಮ್ಮೆ ಅವನನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. “ಇದನ್ನ ಮೇಲಿನವರ ಹತ್ರ ಮಾತಾಡಬೇಕಾಗ್ತದೆ” ಎಂದು ಪೆನ್ನು ಜೇಬಿಗಿಟ್ಟು ಹೊರಟರು. ಈ ಸಲ ಗ್ರ್ಯಾಂಡ್ ಅನ್ನಲಿಲ್ಲ.

ಸಂಜೆ ಗೋಡೆಯ ಹತ್ತಿರ ರೈತರಿಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಕುರಿಗಳು ಈಯಲು ಇನ್ನು ಕೆಲವೇ ವಾರ ಇತ್ತು. ಬ್ರೆಡ್ಡು ಎತ್ತಿಕೊಂಡು ಒಳಗೆ ಹೋದರು.

ಮರುದಿನ ನಾನು ಹಾಲು ತೆಗೆದುಕೊಂಡು ಹೋದಾಗ ಅದೇ ಗಾರ್ಡಾ ಅವರ ಅಂಗಳದಲ್ಲಿದ್ದರು. ರೈತರೇ ಫೋನ್ ಮಾಡಿ ಕರೆಸಿದ್ದರು. ನಾನು ಬಂದದ್ದು ಗೊತ್ತಾಗಿಯೂ ರೈತರು ಮಾತು ನಿಲ್ಲಿಸಲಿಲ್ಲ.

“ಅವಳು ಕೋವಿ ಕೇಳ್ತಿರೋದು ಅವಳ ಮನೆಗಲ್ಲ, ನನ್ನ ಕುರಿಗೆ. ನನಗೆ ಕಣ್ಣು ಕಾಣಲ್ಲ.”

“ಎಷ್ಟು ದಿನದಿಂದ?”

“ನೀನು ಕೇಳೋಕೆ ಇಷ್ಟಪಡದಷ್ಟು ದಿನದಿಂದ.”

ಗಾರ್ಡಾ ಟೋಪಿ ತೆಗೆದು ತಲೆ ಸವರಿಕೊಂಡರು. “ಹಂಗಾದ್ರೆ ನಿಮ್ಮ ಕೋವಿನ ನಾನು ಇಲ್ಲಿ ಬಿಟ್ಟು ಹೋಗೋಕಾಗಲ್ಲ. ಗೊತ್ತಲ್ಲ?”

“ಗೊತ್ತು. ಬೆಳಿಗ್ಗೆನೇ ಎಣ್ಣೆ ಹಾಕಿ ಒರೆಸಿಟ್ಟಿದೀನಿ.”

ಒಳಗೆ ಹೋಗಿ ಹಳೇ ಟವಲಿನಲ್ಲಿ ಸುತ್ತಿದ ಕೋವಿಯನ್ನು ತಂದು ಗೋಡೆಯ ಮೇಲಿಟ್ಟರು. ಆಮೇಲೆ ಜೇಬಿನಿಂದ ಕಾರಿನ ಕೀಲಿಯನ್ನೂ ತೆಗೆದು ಅದರ ಪಕ್ಕಕ್ಕಿಟ್ಟರು. ಕೀಲಿ ಕೇಳಿರಲಿಲ್ಲ ಗಾರ್ಡಾ. ಹೀಗೆ ಮಾಡಬೇಡಿ ಎಂದು ಕೂಗಬೇಕೆನಿಸಿತು. ಆದರೆ ಅವರ ಮುಖದಲ್ಲಿ ಬೇಸರವಾಗಲಿ ಸಿಟ್ಟಾಗಲಿ ಇರಲಿಲ್ಲ, ಭಾರ ಇಳಿಸಿದವರ ಹಾಗೆ ನಿಂತಿದ್ದರು. ಅದು ನನಗೆ ಇನ್ನೂ ಕಷ್ಟವಾಯಿತು.

ಗಾರ್ಡಾ ಕೋವಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟು ನನ್ನ ಕಡೆ ತಿರುಗಿದರು. “ನಿಮ್ಮ ಅರ್ಜಿಗೆ ಇನ್ನೇನೂ ತೊಂದರೆ ಇಲ್ಲ. ಕ್ಯಾಲಿಬರ್ ಮಾತ್ರ ಬರೆದಿಲ್ಲ ನೀವು.”

“ಟೂ ಫೋರ್ ತ್ರೀ” ಎಂದೆ.

ಅಂಗಡಿಯವನ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಗುಂಡು ಬಿಟ್ಟ ಮೇಲೂ ದುರ್ಬೀನಿನಿಂದ ಕಣ್ಣು ಕದಲದಂಥ ಕೋವಿ ನನಗೆ ಬೇಕಾಗಿತ್ತು. ಎಲ್ಲಿ ಬಿತ್ತು, ಏನಾಯಿತು ಎಂದು ಇನ್ನು ಮುಂದೆ ಆ ಹೊಲದಲ್ಲಿ ನೋಡಿ ಹೇಳಬೇಕಾದವಳು ನಾನೊಬ್ಬಳೇ. ಕಾರು ಹೋದ ಮೇಲೆ ರೈತರು, “ಆರು ತಿಂಗಳು ಬಡ್ಕೊಂಡೆ, ಈಗ ಬುದ್ಧಿ ಬಂತು” ಎಂದು ಬೈದರು. ಬೈಸಿಕೊಂಡೆ.

ಕೋವಿ ಬರುವ ಹೊತ್ತಿಗೆ ಮೊದಲ ಮರಿಗಳು ಹುಟ್ಟಿದ್ದವು. ಬೆಳಿಗ್ಗೆ ಫ್ಯಾಕ್ಟರಿಗೆ ಹೊರಡುವ ಮೊದಲು ನಾನು ಗೋಡೆಗೆ ಒರಗಿ ಕೂರುತ್ತಿದ್ದೆ. ಅವರು ಸ್ವಲ್ಪ ದೂರದಲ್ಲಿ ಬಕೆಟ್ ಮಗುಚಿ ಅದರ ಮೇಲೆ ಕೂರುತ್ತಿದ್ದರು. ತುಟಿಯನ್ನು ಕೈಯ ಹಿಂಭಾಗಕ್ಕೆ ಒತ್ತಿ ಹೀರಿ, ಗಾಯವಾದ ಮೊಲದ ಹಾಗೆ ಕೀಚು ದನಿ ತೆಗೆಯುತ್ತಿದ್ದರು. ಆ ದನಿಗೆ ನರಿ ಬರುತ್ತದೆ. ಎಷ್ಟೋ ಬೆಳಿಗ್ಗೆ ಏನೂ ಬರಲಿಲ್ಲ, ಚಳಿಗೆ ಮೂಗು ಕೆಂಪಾಗಿ ಕೆಲಸಕ್ಕೆ ಹೋದೆ.

ಒಂದು ದಿನ ಬಂತು. ಆಚೆ ಗೋಡೆಯ ಸಂದಿನಿಂದ ಇಳಿದು, ಒಂದು ತಾಯಿಕುರಿಯ ಹಿಂದೆ ನಿಂತಿತು. ಅದು ಕುರಿಯಿಂದ ಈಚೆಗೆ ಬರುವವರೆಗೂ ಕಾದೆ. ಹಿಂದೆ ಮಣ್ಣಿನ ದಿಬ್ಬ ಇರುವಲ್ಲಿ ಬಂದಾಗ ಹೊಡೆದೆ. ಬಿದ್ದದ್ದು ಕಂಡಿತು.

“ಬಿತ್ತು” ಎಂದೆ.

“ನರಿ ಬಿಡು. ಮರಿಗಳನ್ನ ಎಣಿಸು.”

ತಿರುಗಿ ಅವರನ್ನು ನೋಡಿದೆ. ಹೊಲದ ಕಡೆ ಮುಖ ಮಾಡಿ ಕೂತಿದ್ದರು. ಸದ್ದಿಗೆ ಹೆದರಿದ ಕುರಿಗಳು ಅಷ್ಟೊತ್ತಿಗೆ ಎಡಗಡೆಯ ಮೂಲೆಗೆ ಓಡಿಹೋಗಿದ್ದವು, ಅವರ ಮುಖ ಮಾತ್ರ ಬಲಗಡೆಗೇ ಇತ್ತು. ಕಣ್ಣು ಕಾಣಲ್ಲ ಅಂದಾಗ ಮಬ್ಬು ಅಂದುಕೊಂಡಿದ್ದೆ. ಮಬ್ಬಲ್ಲ, ಅವರಿಗೆ ಏನೂ ಕಾಣುತ್ತಿರಲಿಲ್ಲ. ಒಂದಿಡೀ ವರ್ಷ ಈ ಮನುಷ್ಯ ತಮ್ಮ ಕುರಿಗಳನ್ನು ಕಿವಿಯಲ್ಲೇ ಸಾಕಿದ್ದರು.

ನಾನು ಕೋವಿ ಖಾಲಿ ಮಾಡಿ ಕೆಳಗಿಟ್ಟು ಎದ್ದು ನಿಂತೆ. ಅವರಿಗೆ ಕೇಳುವಂತೆ ಗಟ್ಟಿಯಾಗಿ ಎಣಿಸಲು ಶುರು ಮಾಡಿದೆ. ಮರಿಗಳು ಅತ್ತಿತ್ತ ಓಡುತ್ತಿದ್ದವು, ಎರಡು ಸಲ ಲೆಕ್ಕ ತಪ್ಪಿತು, ಮೂರನೇ ಸಲ ಮತ್ತೆ ಮೊದಲಿನಿಂದ. ಕನ್ನಡದಲ್ಲಿ ಎಣಿಸುತ್ತಿದ್ದೇನೆ ಎಂದು ನನಗೆ ಗೊತ್ತೇ ಆಗಲಿಲ್ಲ. ಅವರು ನಡುವೆ ಬಾಯಿ ಹಾಕದೆ, ಒಂದೊಂದು ಸಂಖ್ಯೆಗೂ ಒಂದೊಂದು ಬೆರಳು ಮಡಿಸುತ್ತಾ ಹೋದರು.

ನಾನು ನಿಲ್ಲಿಸಿದಾಗ ಅವರು ಕೊನೆಯ ಬೆರಳು ಹಿಡಿದುಕೊಂಡು ಕೂತಿದ್ದರು.

“ಎಲ್ಲಾ ಇವೆಯಾ?”

“ಎಲ್ಲಾ ಇವೆ.”

“ಹಂಗಾದ್ರೆ ಮಾರಲ್ಲ” ಅಂದರು. ಬಕೆಟ್‌ನಿಂದ ಎದ್ದು, ಗೋಡೆಗೆ ಕೈ ಕೊಟ್ಟುಕೊಂಡು, ಮೆಲ್ಲಗೆ ಕುರಿಗಳ ಸದ್ದು ಬರುವ ಕಡೆ ನಡೆದರು.