ಶಿವಮ್ಮನ ಬಾವಿ ಮತ್ತು ನನ್ನ ಅಂಕಿತ

ನನಗೆ ಹೆಸರಿನ ಆಸೆ ಉಂಟು; ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕಡೆ ಪದ ಕಟ್ಟಿದವರು ಕೊನೆಯ ಸಾಲಿನಲ್ಲಿ ಅಂಕಿತ ಹಾಕುವುದು ವಾಡಿಕೆ. ಹಿಂದಿನವರು ಅಲ್ಲಿ ದೇವರ ಹೆಸರಿಟ್ಟರು. ನಾನು ‘ಕಮಲಾಪುರದ ಮಾಸ್ತರ’ ಎಂದು ನನ್ನನ್ನೇ ಇಟ್ಟುಕೊಂಡೆ. ದೇವರಿಗೆ ಬೇರೆ ಹಾಡುಗಳು ಬೇಕಾದಷ್ಟಿವೆ.

ಊರಿಗೆ ವಾಂತಿಭೇದಿ ಬಂದ ವರ್ಷ ಮಕ್ಕಳಿಗೆಂದು ಒಂದು ಪದ ಕಟ್ಟಿ ಶಾಲೆಯ ಗೋಡೆಗೆ ಅಂಟಿಸಿದ್ದೆ:

ಕಾಸಿದ ನೀರನು ಕುಡಿಯಿರಿ, ಬೇನೆಯ ದೂರಕೆ ಇಡಿರಿ,
ಶಿವಮ್ಮನ ಬಾವಿಯ ಕಟ್ಟೆಯ ಮೇಲೆ ಅರಿವೆ ಒಗೆವುದ ಬಿಡಿರಿ.

ಕೊನೆಯ ಸಾಲಿನಲ್ಲಿ ನನ್ನ ಅಂಕಿತ ಇದ್ದೇ ಇತ್ತು. ಶಿವಮ್ಮ ನಮ್ಮ ಪಕ್ಕದ ಮನೆಯ ಮುದುಕಿ. ತಪಾಸಣೆಗೆ ಬಂದ ಸಫಾಯಿ ಕಚೇರಿಯ ಸಾಹೇಬರು ಪದವನ್ನು ಓದಿಸಿ ಕೇಳಿ, ತಲೆದೂಗಿ, ಬರೆಸಿಕೊಂಡು ಹೋದರು. ನಾನು ವಾರವಿಡೀ ಎದೆ ಉಬ್ಬಿಸಿಕೊಂಡು ತಿರುಗಿದೆ.

ಮುಂದಿನ ತಿಂಗಳು ಪಾಟಿ ಬಳಪ ತರಲು ಕಲಬುರ್ಗಿಗೆ ಹೋದರೆ, ಶಹಾಬಜಾರದ ಗೋಡೆಗೋಡೆಗೂ ನನ್ನ ಪದ. ಸಫಾಯಿ ಕಚೇರಿಯವರು ಅಚ್ಚು ಹಾಕಿಸಿದ್ದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಕೆಳಗೆ ಸರ್ಕಾರದ ಮೊಹರಿತ್ತು, ಅಂಕಿತದ ಸಾಲು ಮಾತ್ರ ಇರಲಿಲ್ಲ. ಹೊಟ್ಟೆ ಉರಿಯಿತು. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಯಾವ ಸಂತೆಯಲ್ಲಿಟ್ಟರೂ ಕಮಲಾಪುರದ್ದೆಂದೇ ಕೂಗಿ ಮಾರುತ್ತಾರೆ. ಬಾಳೆಹಣ್ಣಿಗಿರುವ ಮರ್ಯಾದೆ ಮಾಸ್ತರನಿಗೆ ಬೇಡವೇ?

ಕೋಟೆಯ ಹತ್ತಿರ ಕೂರುವ ಅರ್ಜಿ ಬರೆಯುವವನಿಂದ, ಆಗಿನ ಕಚೇರಿಯ ಭಾಷೆಯಾದ ಉರ್ದುವಿನಲ್ಲಿ ಅರ್ಜಿ ಬರೆಸಿಕೊಂಡು ನೇರ ಕಚೇರಿಗೆ ಹೋದೆ. ಗುಮಾಸ್ತರು ಸಾವಕಾಶವಾಗಿ ಓದಿದರು.

“ಜಾಗ ಸಾಲಲಿಲ್ರೀ ಮಾಸ್ತರ, ಕೊನೀ ಸಾಲು ಕತ್ತರಿಸೀವಿ. ಅಷ್ಟಕ್ಕೂ ಇದು ನಿಮ್ದಂತ ಪುರಾವೆ ಏನದ?”

“ಕಲಬುರ್ಗ್ಯಾಗ ಶಿವಮ್ಮನ ಬಾವಿ ಎಲ್ಲದ, ತೋರಸ್ರಿ,” ಎಂದೆ.

ಅವರ ಮುಖ ಸಪ್ಪಗಾಯಿತು. ಆ ಬಾವಿ ಎಲ್ಲಿದೆ ಎಂದು ಜನ ಕೇಳಿ ಕೇಳಿ ಆಗಲೇ ಅವರ ತಲೆ ತಿಂದಿದ್ದರಂತೆ. ಆ ಸಾಲನ್ನೂ ತೆಗೆದುಬಿಡುತ್ತೇವೆ ಎಂದರು. ಬೇಡ, ನನ್ನ ಹೆಸರು ಅಚ್ಚಾಗುವ ತನಕ ಬರುತ್ತಲೇ ಇರುತ್ತೇನೆ ಎಂದು ಹೇಳಿ ಬಂದೆ.

ಊರಿಗೆ ಬಂದು ಬಾವಿಕಟ್ಟೆಯ ಮೇಲೆ ಈ ಪರಾಕ್ರಮವನ್ನು ಬಣ್ಣಿಸುತ್ತಿದ್ದೆ. ಶಿವಮ್ಮ ಕೊಡ ಕೆಳಗಿಟ್ಟಳು.

“ಕೇಳ್ದೆ ಹಾಕ್ಯಾರಂತ ಇಷ್ಟು ಉರೀತಿ. ನನ್ನ ಬಾವಿ ಹೆಸರು ಹಾಕೋವಾಗ ನೀ ನನ್ನ ಕೇಳಿದ್ದೇನಪ್ಪ? ನೀರು ಕಾಸಿ ಕುಡೀರಿ ಅಂತ ಓಣಿಗೆಲ್ಲ ಮೊದಲು ಹೇಳಿದಾಕಿ ನಾ. ಈಗ ಕಲಬುರ್ಗಿ ತುಂಬ ನನ್ನ ಬಾವಿ ಹೊಲಸಂತ ಸುದ್ದಿ ಮಾಡೀದಿ.”

ಇಷ್ಟು ದಿನ ಕೇಳದೆ ಬಳಸಿದವರ ಮೇಲೆ ಹಲ್ಲು ಕಡಿಯುತ್ತಿದ್ದವನು, ಅಂಥವರ ಸಾಲಿನಲ್ಲಿ ನಾನೇ ಮೊದಲು ನಿಂತಿದ್ದೆ. ಹಾಗೆಂದು ಅರ್ಜಿ ಬಿಡಲು ಮನಸ್ಸಾಗಲಿಲ್ಲ. ತಪ್ಪು ಎರಡಾದರೆ ಎರಡನ್ನೂ ತಿದ್ದಬೇಕು. ಹೊಸದನ್ನು ಈ ಸಲ ಕನ್ನಡದಲ್ಲಿ ನಾನೇ ಬರೆದೆ: ಮಾತು ಶಿವಮ್ಮನದು, ಪದ ನನ್ನದು, ಬಾವಿ ಈಗ ಚೊಕ್ಕಟವಾಗಿದೆ, ಮೂರನ್ನೂ ಅಚ್ಚು ಹಾಕಿಸಬೇಕು.

ಓದಿ ಹೇಳಿ, ಹೆಬ್ಬೆಟ್ಟು ಒತ್ತಲು ಕೆಳಗೆ ಜಾಗ ತೋರಿಸಿದೆ. ಶಿವಮ್ಮ ಬೆರಳಿಗೆ ಕಾಡಿಗೆ ಹಚ್ಚಿಕೊಂಡು, ಹಾಳೆಯ ನೆತ್ತಿಯ ಮೇಲೆಯೇ ಗಟ್ಟಿಯಾಗಿ ಒತ್ತಿದಳು.

“ಕೆಳಗಿಂದು ಕತ್ತರಸ್ತಾರಂತ ನೀನೇ ಹೇಳ್ದೆಲ್ಲ?”

ನಾನು ವಾಡಿಕೆಯಂತೆ ಕೊನೆಯ ಸಾಲಿಗೇ ನನ್ನ ಹೆಸರು ಬರೆದು, ಮರುದಿನ ಬೆಳಿಗ್ಗೆ ಮತ್ತೆ ಕಲಬುರ್ಗಿಯ ದಾರಿ ಹಿಡಿದೆ.